ಎದುರಾಳಿಗೆ ಎರವಲು ಹೋದ ಗೋಲ್‌ಕೀಪರ್

ನನ್ನ ತಮ್ಮ ಉರ್ಹೋನನ್ನು ಆಟದಿಂದ ಹೊರಗೆ ಹಾಕಿಸಿದವನು ಡೂಗನ್, ಸುಪೀರಿಯರ್ ಸರೋವರದ ಆಚೆ ದಡದ ಸೇಂಟ್ ಕ್ಯಾಸಿಯನ್ ಕಾಲೇಜಿನ ಕೋಚ್. ಮಂಜುಗಡ್ಡೆಯ ಹಾಕಿಯಲ್ಲಿ ಅವರಿಗೂ ನಮ್ಮೂರ ಗಣಿ ಕಾಲೇಜಿಗೂ ನಮ್ಮಪ್ಪನ ಕಾಲದಿಂದ ಎಣ್ಣೆ ಸೀಗೇಕಾಯಿ ಸಂಬಂಧ.

ಉರ್ಹೋ ಮಾಡಿದ ಘನಂದಾರಿ ಅಪರಾಧ ಕೇಳಿ. ಹೋದ ಚಳಿಗಾಲ ಸಂಬಳಕ್ಕೆ ಆಡುವವರ ತಂಡವೊಂದು ನಮ್ಮೂರಿಗೆ ಬಂದಿತ್ತು. ಅವರ ಗೋಲ್‌ಕೀಪರ್‌ನ ಗದ್ದ ಸೀಳಿತು. ನಮ್ಮ ಕಡೆ ಯಾರೂ ಇಬ್ಬಿಬ್ಬರು ಗೋಲ್‌ಕೀಪರ್‌ಗಳನ್ನು ಕಟ್ಟಿಕೊಂಡು ತಿರುಗುವುದಿಲ್ಲ. ಬಂದವರ ಗೋಲ್‌ಕೀಪರ್ ಪೆಟ್ಟು ತಿಂದರೆ ಊರಿನವರೇ ಒಬ್ಬನನ್ನು ಎರವಲು ಕೊಡಬೇಕು, ಅದು ಪದ್ಧತಿ. ಉರ್ಹೋ ಹೋಗಿ ನಿಂತ. ಪಡೆದದ್ದು ಒಂದು ಲೋಟ ಕಾಫಿ, ಅದೂ ನನ್ನ ಅಂಗಡಿಯದೇ. ಡೂಗನ್ ಅಷ್ಟನ್ನೇ ಹಿಡಿದುಕೊಂಡು, ಹುಡುಗ ಸಂಬಳದವರ ಜೊತೆ ಆಡಿದ್ದಾನೆ, ಇನ್ನು ಕಾಲೇಜು ಆಟಕ್ಕೆ ಅರ್ಹನಲ್ಲ ಎಂದು ಲೀಗಿಗೆ ದೂರು ಕೊಟ್ಟ. ಲೀಗಿನವರು ಕೋಲೆಬಸವನ ಹಾಗೆ ತಲೆಯಾಡಿಸಿದರು.

ಉರ್ಹೋಗೆ ಈ ವರ್ಷ ಕಾಲೇಜಿನ ಕೊನೆಯ ವರ್ಷ. ಬೇಸಿಗೆಗೆ ಗಣಿಗೆ ಇಳಿಯುವವನು. ಉಳಿದದ್ದು ಸೇಂಟ್ ಕ್ಯಾಸಿಯನ್ ಎದುರಿನ ಶುಕ್ರವಾರ, ಶನಿವಾರದ ಆಟಗಳು ಮಾತ್ರ. ನಮ್ಮ ಕೆಂಪು ಅಂಗಿ ತೊಟ್ಟು ಇನ್ನೊಂದು ಸಲ ಗೋಲಿನೆದುರು ನಿಲ್ಲಬೇಕೆಂಬುದು ಬಿಟ್ಟರೆ ಅವನಿಗೆ ಬೇರೆ ಆಸೆಯೇ ಇರಲಿಲ್ಲ.

ಶುಕ್ರವಾರ ಅವನು ಮೈದಾನದ ಬಾಗಿಲಲ್ಲಿರುವ ನನ್ನ ಅಂಗಡಿಯಲ್ಲಿ ಏಪ್ರನ್ ಕಟ್ಟಿಕೊಂಡು, ಮಾಂಸ ಆಲೂಗಡ್ಡೆ ತುಂಬಿದ ಬಿಸಿ ಪ್ಯಾಸ್ಟಿಗಳನ್ನು ಜನರ ಕೈಗೆ ಕೊಡುತ್ತಿದ್ದ. ಮುಖ ಊದಿಕೊಂಡಿತ್ತು. ಆಟ ಶುರುವಾದ ಸ್ವಲ್ಪ ಹೊತ್ತಿಗೆ, ಈ ಹಾಕಿಯಲ್ಲಿ ಚೆಂಡಿನ ಬದಲು ಹೊಡೆಯುವ ರಬ್ಬರ್ ಬಿಲ್ಲೆ ಹಾರಿ ಸೇಂಟ್ ಕ್ಯಾಸಿಯನ್ ಗೋಲ್‌ಕೀಪರ್‌ನ ಹುಬ್ಬಿಗೆ ಬಡಿಯಿತು. ನಮ್ಮೂರಲ್ಲಿ ಬಿಡುವಾಗಿದ್ದ ಗೋಲ್‌ಕೀಪರ್ ಒಬ್ಬನೇ. ಡೂಗನ್ ಟೋಪಿ ಕೈಯಲ್ಲಿ ಹಿಡಿದು ನನ್ನ ಅಂಗಡಿಗೆ ಬಂದ.

"ಲೆಂಪಿ, ನಿನ್ ತಮ್ಮನ್ನ ಸ್ವಲ್ಪ ಕಳಿಸ್ತೀಯೇನಮ್ಮ?"

"ಯಾವ ತಮ್ಮ? ಅರ್ಹನಲ್ಲ ಅಂದ್ರಲ್ಲ, ಅವನಾ?"

"ಪದ್ಧತಿ ಅಲ್ವಾ, ಅದಕ್ಕೇ ಕೇಳ್ತಿದ್ದೀನಿ."

"ಈಗ ನೆನಪಾಯ್ತಾ ಪದ್ಧತಿ? ಮೊದ್ಲು ದೂರು ವಾಪಸ್ ತಗೊಳ್ಳಿ. ಆಮೇಲೆ ತಮ್ಮನ ಮಾತು."

ಅಷ್ಟರಲ್ಲಿ ಉರ್ಹೋ ಏಪ್ರನ್ ಬಿಚ್ಚಿ ನನ್ನ ಹೆಗಲ ಮೇಲೆ ಹಾಕಿದ.

"ಸುಮ್ನಿರಕ್ಕ. ಆ ಹುಡ್ಗ ರಕ್ತ ಸುರಿಸ್ಕೊಂಡು ಕೂತಿದ್ದಾನೆ. ಚೌಕಾಸಿ ಮಾಡೋ ಹೊತ್ತಾ ಇದು?"

ಇವನು ಅನರ್ಹನಲ್ಲವೇ ಎಂದು ರೆಫರಿ ಕೇಳಿದ. "ನಂದೇನೂ ತಕರಾರಿಲ್ಲ," ಎಂದ ಡೂಗನ್, ನೆಲ ನೋಡುತ್ತಾ.

ನನ್ನ ತಮ್ಮ ಅವರ ಹಸಿರು ಅಂಗಿ ತೊಟ್ಟು ನಮ್ಮವರ ಒಂದು ಬಿಲ್ಲೆಯನ್ನೂ ಒಳಗೆ ಬಿಡಲಿಲ್ಲ. ಒಂದು ಗೋಲಿನಿಂದ ಸೋತೆವು. ನಮ್ಮೂರ ಜನ ಅವನಿಗೆ ಹಾಕಿದ ಶಾಪ ಅಷ್ಟಿಷ್ಟಲ್ಲ. ಆ ಸಿಟ್ಟಿಗೆ ನನ್ನ ಪ್ಯಾಸ್ಟಿಗಳನ್ನು ಕೇಳುವವರೇ ಇಲ್ಲವಾದರು. ನನಗೂ ಮೈಯೆಲ್ಲ ಉರಿಯುತ್ತಿತ್ತು. ಆದರೂ ಅವನು ಕಾಲು ಚಾಚಿ ಕೊನೆಯ ಹೊಡೆತ ತಡೆದಾಗ ಭಲೇ ಎಂದು ಕೂಗಿದವಳು ನಾನೇ. ಒಡಹುಟ್ಟಿದವನಲ್ಲವೇ, ಏನು ಮಾಡಲಿ.

ಶನಿವಾರ ಬೆಳಿಗ್ಗೆ ಡೂಗನ್ ನಮ್ಮ ಮನೆ ಬಾಗಿಲು ತಟ್ಟಿದ.

"ಲೀಗಿನೋರಿಗೆ ಫೋನ್ ಮಾಡಿದ್ದೆ," ಎಂದ. "ಇವನು ಹೋದ್ವರ್ಷ ಮಾಡಿದ್ದನ್ನೇ ನಿನ್ನೆ ನಾನು ಬೇಡ್ಕೊಂಡು ಮಾಡಿಸ್ಕೊಂಡೆ. ಇನ್ಯಾವ ಮುಖ ಇಟ್ಕೊಂಡು ದೂರು ಹೇಳ್ಲಿ? ವಾಪಸ್ ತಗೊಂಡೆ. ಅವ್ರೂ ಒಪ್ಪಿದ್ರು."

ಅವನಿಗೆಂದೇ ಕೂಡಿಟ್ಟಿದ್ದ ಬೈಗುಳವೆಲ್ಲ ದಂಡವಾಯಿತು. ಕಾಫಿ ಬಗ್ಗಿಸಿಕೊಟ್ಟೆ.

ಆ ದಿನ ಉರ್ಹೋ ಕೆಂಪು ಅಂಗಿಯಲ್ಲಿ ನಿಂತ. ನಿಂತು, ನಾಲ್ಕು ಗೋಲು ಬಿಟ್ಟ. ಹುಬ್ಬಿಗೆ ಪಟ್ಟಿ ಕಟ್ಟಿಕೊಂಡು ಬಂದಿದ್ದ ಅವರ ಹುಡುಗ ಮೂರೇ ಬಿಟ್ಟ. ಸೋತು ಬಂದ ನನ್ನ ತಮ್ಮನ ಮುಖ ಮಾತ್ರ ಮೊರದಗಲ. ನನಗೆ ರೇಗಿಹೋಯಿತು.

"ನಿನ್ನೆ ಅವರಿಗೆ ಗೋಡೆ ಹಾಗೆ ನಿಂತೆ. ಇವತ್ತು ನಮ್ಮೋರಿಗೆ ಏನಾಗಿತ್ತೋ ನಿಂಗೆ?"

"ನಿನ್ನೆ ಕೆಲಸ ಮಾಡ್ದೆ ಅಕ್ಕ," ಎಂದ, ಬಾಯಿ ತುಂಬ ಪ್ಯಾಸ್ಟಿ ಇಟ್ಟುಕೊಂಡು. "ಇವತ್ತು ಆಡ್ದೆ."

ಅಂಗಿ ಬಿಚ್ಚಿಕೊಡು, ಒಗೆಯಬೇಕು ಎಂದೆ. ಕೊಡಲಿಲ್ಲ. ಮಲಗುವಾಗಲೂ ಅದನ್ನೇ ತೊಟ್ಟಿದ್ದ.