ಹನ್ನೆರಡು ತಿಂಗಳು

"ಇನ್ನೊಂದು ಹೆಜ್ಜೆ ಇಟ್ರೆ ನಾಯಿ ಬಿಡ್ತೀನಿ, ಮಾಮ," ಎಂದು ವಿಲ್ಮಾ ಜೇನುತೋಟದ ಬಾಗಿಲಿನ ಚಿಲಕವನ್ನು ಎರಡೂ ಕೈಗಳಿಂದ ಅದುಮಿ ಹಿಡಿದಳು.

"ಬಿಡು. ನಿನಗಿಂತ ಅದಕ್ಕೇ ಬುದ್ಧಿ ಜಾಸ್ತಿ," ಎಂದ ಬಾಲ್ತ್ರುಸ್. ಎಪ್ಪತ್ತಾರರ ಆ ಮುದುಕನ ಕೈಯಲ್ಲಿ ತುಕ್ಕು ಹಿಡಿದ ಬೀಗದ ಕೈ ಇತ್ತು. ಅದು ಯಾವ ಬೀಗದ್ದೂ ಅಲ್ಲ. ಜೇನುಪೆಟ್ಟಿಗೆಗಳನ್ನು ತಟ್ಟುವುದಕ್ಕೆಂದೇ ಅವನ ಮನೆಯಲ್ಲಿ ಮೂರು ತಲೆಮಾರಿನಿಂದ ಇದ್ದದ್ದು. "ಶವ ಹೊಸ್ತಿಲು ದಾಟೋ ಮುಂಚೆ ಸಾವಿನ ಸುದ್ದೀನ ಜೇನುಗಳಿಗೆ ಹೇಳಬೇಕು. ಹೇಳದಿದ್ರೆ ಹನ್ನೊಂದು ಪೆಟ್ಟಿಗೇನೂ ಅವಳ ಹಿಂದೇನೇ ಹೋಗ್ತವೆ."

"ಹೋಗ್ಲಿ. ಇಪ್ಪತ್ತಮೂರು ವರ್ಷ ನಮ್ಮತ್ತೆ ಮುಖ ನೋಡದೋರಿಗೆ ಇವತ್ತೇನು ನಂಟು?"

"ಅವಳ ಜೊತೆ ಯಾವ ನಂಟೂ ಇಲ್ಲ. ಜೇನುಗಳ ಜೊತೆ ಇದೆ. ಮೊದಲ ಹಿಂಡು ಕೊಟ್ಟೋನು ನಾನು."

"ಅವಕ್ಕೆ ಏನಂತ ಹೇಳ್ತೀರಿ?"

"ತೆಕ್ಲೆ ನೆಗೆದುಬಿದ್ಲು ಅಂತ."

ಲಿಥುವೇನಿಯದ ಪೈನ್ ಕಾಡಿನಂಚಿನ ಆ ಹಳ್ಳಿಯಲ್ಲಿ ಕುದುರೆ ಸಾಯುತ್ತದೆ, ಹಸು ಸಾಯುತ್ತದೆ, ಕೋಳಿ ನೆಗೆದುಬೀಳುತ್ತದೆ. ತೀರಿಕೊಳ್ಳುವುದು ಮನುಷ್ಯರು ಮತ್ತು ಜೇನುಗಳು ಮಾತ್ರ. ಆ ಪದವನ್ನು ಸತ್ತವರಿಂದ ಕಸಿದುಕೊಳ್ಳುವುದೆಂದರೆ ಶವಪೆಟ್ಟಿಗೆಯ ಮೇಲೆ ಉಗಿದಂತೆ. ಅತ್ತೆಯನ್ನು ಎಂದೂ ಪ್ರೀತಿಸದ ವಿಲ್ಮಾಳ ಮುಖವೂ ಕೆಂಪೇರಿತು.

"ಅವರನ್ನ ಬೈಯೋ ಹಕ್ಕು ಈ ಮನೇಲಿ ನಂದು. ನೀವು ನಡೀರಿ!"

ಒಳಗೆ ಪ್ರಾರ್ಥನೆಯ ಹಾಡು ಮುಗಿಯಿತು. ಶವ ಹೊಸ್ತಿಲು ದಾಟಿತು. ಜೇನುಗಳಿಗೆ ಯಾರೂ ಹೇಳಲಿಲ್ಲ.

*

ಈ ಹಗೆಗೆ ಕಾರಣ ಒಂದು ಚಮಚ.

ಜೇನುಹಿಂಡನ್ನು ಆ ಊರಲ್ಲಿ ಯಾರೂ ಮಾರುವುದಿಲ್ಲ, ಕೊಡುತ್ತಾರೆ. ಕೊಟ್ಟವರು ಮತ್ತು ಪಡೆದವರು ಅಂದಿನಿಂದ ಜೇನುನಂಟರು. ಒಡಹುಟ್ಟಿದವರಿಗಿಂತ ಒಂದು ಗೇಣು ಹತ್ತಿರ. ಹಾಗೆ ನಂಟರಾದ ಬಾಲ್ತ್ರುಸ್ ಮತ್ತು ತೆಕ್ಲೆ ಮೂವತ್ತು ವರ್ಷ ಒಟ್ಟಿಗೆ ಜೇನು ತೆಗೆದರು. ತೆಕ್ಲೆಯ ಜೇನು ಒಲೆಯ ಮುಖ ಕಂಡದ್ದಿಲ್ಲ. ಚಳಿಗಾಲದಲ್ಲಿ ಅದು ಬೆಣ್ಣೆಯಂತೆ ಗಟ್ಟಿಯಾದಾಗ ಕರಗಿಸಲು ಹೊರಟವರನ್ನು ಅವಳು ಸೌಟು ಹಿಡಿದು ಅಟ್ಟುತ್ತಿದ್ದಳು. ಒಣಕೆಮ್ಮಿಗೆ ಮೂಲಂಗಿಯನ್ನು ಕೊರೆದು, ಅದರೊಳಗೆ ಜೇನು ತುಂಬಿ, ರಾತ್ರಿಯಿಡೀ ಬಿಟ್ಟು ಬಂದ ರಸವನ್ನು ಕೊಡುತ್ತಿದ್ದಳು. ಬಾಲ್ತ್ರುಸನ ಹಿಮ್ಮಡಿಯ ಹುಣ್ಣು ವೈದ್ಯರಿಗೂ ಬಗ್ಗದಿದ್ದಾಗ, ಆರು ವಾರ ದಿನಕ್ಕೆರಡು ಬಾರಿ ಜೇನು ಸವರಿ ಪಟ್ಟಿ ಕಟ್ಟಿದ್ದಳು. ಇಂದು ಅವನು ಶ್ಮಶಾನಕ್ಕೆ ನಡೆದದ್ದು ಅದೇ ಕಾಲಿನಲ್ಲಿ.

ವಿಲ್ಮಾಳ ಮಗಳು ಉಗ್ನೆಗೆ ಐದು ತಿಂಗಳಾದಾಗ ನಾಮಕರಣದ ಊಟವಾಯಿತು. ಬಾಲ್ತ್ರುಸ್ ಹೊಸ ಜೇನಿನಲ್ಲಿ ಚಮಚದ ತುದಿಯನ್ನು ಅದ್ದಿ ಕೂಸಿನ ತುಟಿಗೆ ಒಯ್ದ. ತೆಕ್ಲೆ ಮೇಜಿನ ಆಚೆಯಿಂದ ಚಾಚಿ ಅವನ ಕೈಗೆ ಹೊಡೆದಳು. ಚಮಚ ಗೋಡೆಗೆ ತಾಗಿ ಬಿತ್ತು.

"ಬೇಡ," ಎಂದಳು. ಬೇರೇನೂ ಹೇಳಲಿಲ್ಲ.

ಮದುವೆಗೆ ಮುಂಚೆಯೇ ಬಸುರಾಗಿದ್ದ ವಿಲ್ಮಾಳಿಗೆ ಅದರ ಅರ್ಥ ಸ್ಪಷ್ಟವಿತ್ತು: ಇದು ನಮ್ಮ ವಂಶದ ಕೂಸಲ್ಲ. ಬಾಲ್ತ್ರುಸನಿಗೂ ಸ್ಪಷ್ಟವಿತ್ತು: ನಿನ್ನ ಕೈಯ ಜೇನು ವಿಷ. ಮುಂದಿನ ಬೇಸಿಗೆಯಿಂದ ತೆಕ್ಲೆ ಪ್ರತಿ ಮುಚ್ಚಳದ ಮೇಲೂ ನೀಲಿ ಶಾಯಿಯಲ್ಲಿ "12 ತಿಂಗಳು" ಎಂದು ಬರೆಯತೊಡಗಿದಳು. ಎಂದೂ ಕೆಡದ ಪದಾರ್ಥಕ್ಕೆ ಅವಧಿ ಬರೆದವಳೆಂದು ಊರು ನಕ್ಕಿತು. ಬಾಲ್ತ್ರುಸ್ ನಗಲಿಲ್ಲ, ತನ್ನ ಪೆಟ್ಟಿಗೆಗಳನ್ನು ಗಾಡಿಗೆ ಹೇರಿಕೊಂಡು ಹೋದ.

*

ಶವಸಂಸ್ಕಾರದ ಊಟಕ್ಕೆ ಬಂದವರನ್ನು ಹೊರಗಟ್ಟುವಂತಿಲ್ಲ. ಅದನ್ನರಿತೇ ಬಾಲ್ತ್ರುಸ್ ಮೇಜಿನ ನಡುವೆ, ವಿಲ್ಮಾಳ ಎದುರಿಗೇ ಕುಳಿತ. ಉದ್ದಕ್ಕೆ ಸೀಳಿದ ಸೌತೆಕಾಯಿ, ಕಪ್ಪು ರೊಟ್ಟಿ, ತೆಕ್ಲೆ ತೆಗೆದ ಕೊನೆಯ ಜೇನಿನ ಜಾಡಿ. ಪಕ್ಕದಲ್ಲಿ ಉಗ್ನೆ, ಅವಳ ಮಡಿಲಲ್ಲಿ ಎಂಟು ತಿಂಗಳ ಮಗ ಯೋರಿಸ್.

"ಊಟ ಮುಗಿದ ತಕ್ಷಣ ಹೊರಡಿ," ಎಂದಳು ವಿಲ್ಮಾ.

"ಜೇನುತೋಟದ ಬಾಗಿಲು ತೆಗಿ. ಈಗ್ಲೇ ಹೊರಡ್ತೀನಿ."

"ನನ್ನ ಹೆಣ ದಾಟ್ಕೊಂಡು ಹೋಗಿ."

"ಒಂದೇ ದಿನ ಎರಡೆರಡು ಊಟ ಯಾಕಮ್ಮ?" ಎಂದು ಬಾಲ್ತ್ರುಸ್ ಚಮಚವನ್ನು ಜಾಡಿಗೆ ಅದ್ದಿ ಯೋರಿಸನತ್ತ ತಿರುಗಿದ. "ಬಾರೋ ಮರಿ. ನಿಮ್ಮಮ್ಮನ ಬಾಯಿಂದ ಕಿತ್ಕೊಂಡಿದ್ಲು ಮುದುಕಿ. ನೀನಾದ್ರೂ ಸವಿ."

"ಕೊಡಿ ಮಾಮ, ಕೊಡಿ!" ವಿಲ್ಮಾಳ ಧ್ವನಿ ಏರಿತು. "ಈಗ ತಡೆಯೋಕೆ ಅವರಿಲ್ವಲ್ಲ." ಆ ದಿನ ಇಬ್ಬರೂ ಒಪ್ಪಿದ್ದು ಇದೊಂದನ್ನೇ.

ಉಗ್ನೆಯ ಕೈ ಬೀಸಿತು. ಚಮಚ ನೆಲಕ್ಕೆ ಬಿತ್ತು. ಜೇನು ಮುದುಕನ ತೋಳಿನ ಮೇಲೆ ಎಳೆಯಾಗಿ ಇಳಿಯಿತು.

"ಬೇಡ!"

"ನೋಡಿದ್ರಾ? ಅದೇ ಚಾಳಿ!" ಎಂದ ಬಾಲ್ತ್ರುಸ್.

"ಚಾಳಿ ಅಲ್ಲ ತಾತ. ನರ್ಸ್ ನೂರು ಸಲ ಹೇಳಿದ್ದಾರೆ. ಹನ್ನೆರಡು ತಿಂಗಳು ತುಂಬೋವರೆಗೂ ಜೇನು ಬೇಡ. ಹಸೀದೂ ಬೇಡ, ಕಾಯಿಸಿದ್ದೂ ಬೇಡ. ಅದರಲ್ಲಿ ಕೆಲವು ಸಲ ಬೀಜಾಣು ಇರ್ತವಂತೆ. ನಮಗೆ ಏನೂ ಆಗಲ್ಲ. ಕೂಸಿನ ಕರುಳಲ್ಲಿ ಮೊಳೀತವೆ. ಮೈಯೆಲ್ಲ ಜೋತುಬಿಡತ್ತೆ."

"ಸುಳ್ಳು! ತೆಕ್ಲೆ ತನ್ನ ಚೊಚ್ಚಲ ಕೂಸಿಗೇ ಕೊಟ್ಟಿದ್ಲು, ರೂತಾಗೆ. ಜೇನಲ್ಲಿ ಅದ್ದಿದ ಬಟ್ಟೆಗಂಟು. ನಮ್ಮಮ್ಮಾನೇ ಕಟ್ಟಿಕೊಟ್ಟಿದ್ದು. ನಾಲ್ಕು ತಿಂಗಳ ಕೂಸು, ಅದಕ್ಕೇನಾ..."

"ಅದಕ್ಕೇನಾಯ್ತು, ತಾತ?" ಎಂದು ಉಗ್ನೆ ಮೆಲ್ಲಗೆ ಕೇಳಿದಳು.

ಬಾಲ್ತ್ರುಸ್ ಯೋರಿಸನ ನೆಟ್ಟಗೆ ನಿಂತ ಕತ್ತನ್ನು ನೋಡಿದ. "ಕತ್ತು ನಿಲ್ಲಿಸ್ತಿತ್ತು," ಎಂದ. "ಆಮೇಲೆ ನಿಲ್ಲಿಸ್ಲಿಲ್ಲ. ಉಳೀಲೂ ಇಲ್ಲ."

ವಿಲ್ಮಾ ಜಾಡಿಯ ಪಕ್ಕದಲ್ಲಿ ಬೋರಲಾಗಿ ಬಿದ್ದಿದ್ದ ಮುಚ್ಚಳವನ್ನು ತಿರುಗಿಸಿದಳು. ಶಾಯಿ ಇನ್ನೂ ಮಾಸಿರಲಿಲ್ಲ.

*

ಉಗ್ನೆಯ ನಾಮಕರಣಕ್ಕೆ ಮೂರು ದಿನ ಮುಂಚೆ ತೆಕ್ಲೆ ಪೇಟೆಯ ಆಸ್ಪತ್ರೆಗೆ ರಕ್ತದೊತ್ತಡ ತೋರಿಸಲು ಹೋಗಿದ್ದಳು. ಬಾಣಂತಿಯರ ಕೋಣೆಯ ಪಕ್ಕದ ಗೋಡೆಯ ಮೇಲೆ ಕೂಸುಗಳ ಆಹಾರದ ಬಗ್ಗೆ ಒಂದು ಕಾಗದ ಅಂಟಿಸಿದ್ದರು. ಅವಳು ಅದನ್ನು ಮೊದಲಿಂದ ಕೊನೆಯವರೆಗೆ ಮೂರು ಬಾರಿ ಓದಿದಳು. ಆಮೇಲೆ ಬೆಂಚಿನ ಮೇಲೆ ಕುಳಿತಳು. ಅವಳ ಸರದಿ ಬಂತು, ಹೋಯಿತು; ಎರಡು ಬಸ್ಸುಗಳೂ ಹೋದವು.

ನಾಮಕರಣದ ದಿನ, ಚಮಚ ಗೋಡೆಗೆ ತಾಗಿ ಬಿದ್ದ ಮೇಲೆ, ಅವಳು ಇನ್ನೂ ಏನನ್ನೋ ಹೇಳಲು ಬಾಯಿ ತೆರೆದಿದ್ದಳು. ಮೇಜಿನ ತುದಿಯಲ್ಲಿ, ಅಂದು ಬಟ್ಟೆಗಂಟು ಕಟ್ಟಿಕೊಟ್ಟಿದ್ದ ಬಾಲ್ತ್ರುಸನ ತಾಯಿ ಕುಳಿತಿದ್ದಳು. ಎಂಬತ್ತು ದಾಟಿದ ಮುದುಕಿ, ಕೂಸನ್ನು ನೋಡಿ ಹಲ್ಲಿಲ್ಲದ ಬಾಯಲ್ಲಿ ನಗುತ್ತಿದ್ದಳು. ತೆಕ್ಲೆ ಬಾಯಿ ಮುಚ್ಚಿಕೊಂಡಳು.

*

"ಬನ್ನಿ," ಎಂದಳು ವಿಲ್ಮಾ. ಧ್ವನಿಯ ಒರಟು ಹೋಗಿರಲಿಲ್ಲ. "ಮೊದಲೇ ತಡ ಆಗಿದೆ."

ಚಿಲಕ ತೆಗೆದಳು. ಬಾಲ್ತ್ರುಸ್ ಮೊದಲ ಪೆಟ್ಟಿಗೆಯನ್ನು ಬೀಗದ ಕೈಯಿಂದ ಮೂರು ಸಲ ತಟ್ಟಿದ. ಒಳಗಿನ ಗುಂಯ್‌ಗುಡುವಿಕೆ ಒಮ್ಮೆ ಏರಿ, ಇಳಿಯಿತು. ಜೀವ ಇತ್ತು.

"ತೆಕ್ಲೆ..." ಎಂದ. ಮುಂದಿನ ಪದ ಬರಲಿಲ್ಲ.

"ಹೇಳಿ. ಬೆಳಗ್ಗೆ ಬಾಯ್ತುಂಬ ಇತ್ತಲ್ಲ?"

ಅವನು ಆಗದೆಂದು ತಲೆಯಲ್ಲಾಡಿಸಿದ. ವಿಲ್ಮಾ ಅವನ ಕೈಯಿಂದ ಬೀಗದ ಕೈಯನ್ನು ಕಿತ್ತುಕೊಂಡು ತಾನೇ ತಟ್ಟಿದಳು.

"ಅತ್ತೆ ತೀರಿಕೊಂಡ್ರು," ಎಂದಳು ಪೆಟ್ಟಿಗೆಗೆ. ಎರಡನೆಯದಕ್ಕೆ ನಡೆದಳು. "ಅತ್ತೆ ತೀರಿಕೊಂಡ್ರು."

ಒಂದು ಜೇನುನೊಣ ಹೊರಬಂದು ಬಾಲ್ತ್ರುಸನ ತೋಳಿನ ಮೇಲೆ ಒಣಗುತ್ತಿದ್ದ ಜೇನಿನೆಳೆಗೆ ಕುಳಿತು ಹೀರತೊಡಗಿತು. ವಿಲ್ಮಾ ಹನ್ನೊಂದನೆಯ ಪೆಟ್ಟಿಗೆಯನ್ನು ತಟ್ಟಿ ಮುಗಿಸುವವರೆಗೂ ಅವನು ಆ ತೋಳನ್ನು ಅಲುಗಿಸದೆ ಮುಂದಕ್ಕೆ ಚಾಚಿಯೇ ನಿಂತಿದ್ದ.