ಸಂಸ್ಥಾಪಕರು ಎಂಬಲ್ಲಿನ ‘ರು’

ಕಿವಿ ಕೇಳದ ಮಕ್ಕಳ ಈ ಶಾಲೆ ಶುರುವಾದದ್ದು ನಮ್ಮ ಮನೆಯ ಮುಂದಿನ ಕೋಣೆಯಲ್ಲಿ. ಅಣ್ಣ ಅನುಮತಿಗಾಗಿ ಕಚೇರಿ ಕಚೇರಿ ಅಲೆದ. ನಾನು ಮಕ್ಕಳನ್ನು ಕನ್ನಡಿಯೆದುರು ಕೂರಿಸಿ, ಅವರ ಅಂಗೈಯನ್ನು ನನ್ನ ಗಂಟಲಿಗೆ ಒತ್ತಿಕೊಂಡು ಮಾತು ಕಲಿಸಿದೆ. ಸಂಜೆಯ ಹೊತ್ತಿಗೆ ನನಗೆ ದನಿಯೇ ಏಳುತ್ತಿರಲಿಲ್ಲ.

ಕಟ್ಟಡ ಎದ್ದಾಗ ಬಾಗಿಲ ಮೇಲೆ ಅಣ್ಣನ ಫೋಟೊ ಬಂತು. ಅದರ ಕೆಳಗೆ ‘ಸಂಸ್ಥಾಪಕರು’ ಎಂದು ಬರೆಸಿದ್ದ. ನನಗೆ ಮೈಯೆಲ್ಲ ಉರಿದುಹೋಯಿತು.

“ನಾನೇನು ಇಲ್ಲಿ ಕಸ ಗುಡಿಸೋಕೆ ಬಂದಿದ್ನಾ?” ಎಂದೆ.

ಅಣ್ಣ ನಕ್ಕುಬಿಟ್ಟ. “ಸರಿಯಾಗಿ ಓದೇ ಪುಟ್ಟಿ. ‘ಸಂಸ್ಥಾಪಕ’ ಅಂತಿದ್ಯಾ? ‘ಸಂಸ್ಥಾಪಕರು’ ಅಂತಿದೆ. ಆ ‘ರು’ ಯಾರು ಅನ್ಕೊಂಡೆ? ನೀನೇ!”

ಈ ‘ರು’ ಮಹಾ ಕಿಲಾಡಿ. ಇಬ್ಬರಿದ್ದರೂ ಬರುತ್ತದೆ, ದೊಡ್ಡ ಮನುಷ್ಯ ಒಬ್ಬನೇ ಇದ್ದರೂ ಬರುತ್ತದೆ. ನನಗೇನು ಗೊತ್ತಿರಲಿಲ್ಲವೇ? ಗೊತ್ತಿತ್ತು. ಆದರೂ ಅಣ್ಣನ ಮಾತನ್ನೇ ನಂಬಿಕೊಂಡೆ, ಏಕೆಂದರೆ ನಂಬದಿದ್ದರೆ ಮಾರನೆಯ ದಿನ ಆ ಬಾಗಿಲು ದಾಟಿ ಒಳಗೆ ಹೋಗಲಾಗುತ್ತಿರಲಿಲ್ಲ. ಪ್ರತಿ ವಾರ್ಷಿಕೋತ್ಸವದಲ್ಲಿ ‘ಸಂಸ್ಥಾಪಕರಿಗೆ ವಂದನೆಗಳು’ ಎಂದು ಹೇಳಿ ಅವನೊಬ್ಬನನ್ನೇ ವೇದಿಕೆಗೆ ಕರೆಯುತ್ತಿದ್ದರು. ನಾನು ಹಿಂದಿನ ಸಾಲಿನಲ್ಲಿ ಕುಳಿತು, ಆ ವಂದನೆಯಲ್ಲಿ ನನ್ನ ಪಾಲನ್ನು ಮನಸ್ಸಿನಲ್ಲೇ ತೆಗೆದಿಟ್ಟುಕೊಳ್ಳುತ್ತಿದ್ದೆ.

ನಿನ್ನೆ ಅಣ್ಣ ತೀರಿಕೊಂಡ. ಅವನ ಕನ್ನಡಕ ಶಾಲೆಯ ಮೇಜಿನ ಮೇಲೆಯೇ ಉಳಿದಿತ್ತು. ತರೋಣವೆಂದು ಬೆಳಿಗ್ಗೆ ಹೋದರೆ ಹೆಡ್‌ಮೇಷ್ಟ್ರು ಗೇಟಿಗೆ ಹಾಳೆ ಅಂಟಿಸುತ್ತಿದ್ದರು. ‘ನಮ್ಮ ಶಾಲೆಯ ಸಂಸ್ಥಾಪಕರು ನಿಧನರಾದ ಕಾರಣ ಇಂದು ರಜೆ.’

“ಮೇಷ್ಟ್ರೇ, ಅದನ್ನ ‘ಸಂಸ್ಥಾಪಕರಲ್ಲಿ ಒಬ್ಬರು’ ಅಂತ ತಿದ್ದಿ,” ಎಂದೆ.

ಅವರು ಪಿಳಿಪಿಳಿ ಕಣ್ಣು ಬಿಟ್ಟರು. “ಸರ್ ಒಬ್ರೇ ಅಲ್ವೇನಕ್ಕಾ? ‘ರು’ ಗೌರವಕ್ಕೆ ಹಾಕಿರೋದು. ಸರ್ರೇ ಹಂಗೆ ಬರೆಸ್ತಿದ್ರು. ‘ನಾನೊಬ್ನೇ ಆದ್ರೂ ‘ರು’ ಇರ್ಲಿ ಮೇಷ್ಟ್ರೇ, ತೂಕ ಬರುತ್ತೆ’ ಅಂತಿದ್ರು.”

ಅಣ್ಣ ಮೇಷ್ಟ್ರಿಗೆ ಹಾಗೆ ತಮಾಷೆಗೆ ಅಂದಿದ್ದನೇ, ನಿಜಕ್ಕೂ ಅಂದಿದ್ದನೇ? ಜಗಳವಾಡಿಯಾದರೂ ಕೇಳೋಣವೆಂದರೆ, ಅವನು ಮನೆಯಲ್ಲಿ ಬಿಳಿ ಬಟ್ಟೆಯಡಿ ಬಾಯಿ ಮುಚ್ಚಿಕೊಂಡು ಮಲಗಿದ್ದಾನೆ. ದುಃಖಕ್ಕಿಂತ ಮೊದಲು ಸಿಟ್ಟು ಬಂತು. ಸಿಟ್ಟು ಬಂದದ್ದಕ್ಕೆ ಅಳು ಬಂತು.

ಹಾಳೆಯನ್ನು ಮತ್ತೆ ಓದಿದೆ. ಆ ದಿನ ಅಣ್ಣ ನನಗೆ ಹೇಳಿದ್ದು ನಿಜವಾಗಿದ್ದರೆ, ಇದರ ಪ್ರಕಾರ ನಾನೂ ಸತ್ತಿದ್ದೇನೆ. ಸುಳ್ಳಾಗಿದ್ದರೆ ನಾನು ಇಲ್ಲಿ ಇರಲೇ ಇಲ್ಲ.

ಗಾಳಿಗೆ ಹಾಳೆ ಏಳುತ್ತಿತ್ತು. “ಈ ಮೂಲೆ ಸ್ವಲ್ಪ ಒತ್ತಿ ಹಿಡ್ಕೊಳ್ಳಿ ಅಕ್ಕಾ, ಅಂಟು ಇನ್ನೂ ಒಣಗಿಲ್ಲ,” ಎಂದರು ಮೇಷ್ಟ್ರು.

ಹಿಡಿದುಕೊಂಡೆ.