ಮೇಷ್ಟ್ರ ಹೆಸರಿನ ಯೋಜನೆ

ತೆರಿಗೆ ಕಚೇರಿಯ ಹಳೆಯ ಕಂಪ್ಯೂಟರ್ ವ್ಯವಸ್ಥೆಯನ್ನು ಬದಲಿಸುವ ಯೋಜನೆ ನಿಂತಿದ್ದುದು ಒಬ್ಬರ ಮೇಲೆ. ಮೂವತ್ತು ವರ್ಷದ ಹಿಂದೆ ಅದರ ಪ್ರೋಗ್ರಾಮ್ ಬರೆದ ಅವರನ್ನು ಎಲ್ಲರೂ ಮೇಷ್ಟ್ರು ಎನ್ನುತ್ತಿದ್ದರು. ಸಭೆಯಲ್ಲಿ ನಿರ್ದೇಶಕರು ಪ್ರೋಗ್ರಾಮಿನಲ್ಲಿ ವಿಧವೆಯರ ತೆರಿಗೆ ವಿನಾಯಿತಿಯ ಭಾಗವನ್ನು ವಿವರಿಸಲು ಕೇಳಿದಾಗ, ಮೇಷ್ಟ್ರು ಪರದೆಯನ್ನೇ ದಿಟ್ಟಿಸಿದರು.

"ಇದನ್ನ ಬರೆದೋರು ಯಾರು?" ಎಂದರು.

ತಮಾಷೆಯೆಂದುಕೊಂಡು ಎಲ್ಲರೂ ನಕ್ಕರು. ಆರು ತಿಂಗಳಿಂದ ಅವರ ತಪ್ಪುಗಳನ್ನು ಸದ್ದಿಲ್ಲದೆ ತಿದ್ದುತ್ತಿದ್ದ ಶಿಷ್ಯೆ ಮಾತ್ರ ನಗಲಿಲ್ಲ. ಸಭೆ ಮುಗಿದೊಡನೆ ಅವಳು ನಿರ್ದೇಶಕರಿಗೆ ಎಲ್ಲವನ್ನೂ ಹೇಳಿದಳು.

"ಗೊತ್ತಮ್ಮ," ಎಂದರು ಅವರು. "ಮೇಷ್ಟ್ರ ಹೆಂಡ್ತಿ ಹೋದ ವಾರಾನೇ ಬಂದು, ಅವರ ಮರೆವಿನ ಕಾಯಿಲೆ ವಿಷಯ ಹೇಳಿ ಅತ್ರು. ಆದ್ರೆ ಯೋಜನೆ ಮಂಜೂರಾಗಿರೋದೇ ಅವರ ಹೆಸರು ನೋಡಿ. ಅದು ಮುಗಿಯೋವರೆಗೆ, ಇನ್ನೆರಡು ವರ್ಷ, ಅವರನ್ನ ಬಿಡೋ ಹಾಗಿಲ್ಲ. ನೀವು ಪಕ್ಕದಲ್ಲೇ ಇರಿ, ಬಾಯಿ ಬಿಡಬೇಡಿ."

ಹೊರಗೆ ಮೇಷ್ಟ್ರು ಕಾಯುತ್ತ ನಿಂತಿದ್ದರು.

"ನನ್ನಿಂದ ಏನಾದ್ರೂ ತಪ್ಪಾಯ್ತೇನಮ್ಮ?"

ಇಲ್ಲ ಸರ್ ಎಂದಳು. ಆ ಮಾತನ್ನು ಅವರ ಮುಖ ನೋಡಿ ಹೇಳಲು ಅವಳಿಂದ ಆಗಲಿಲ್ಲ.